ಮೇಲೆ ಫ್ರೀಜರಲ್ಲಿ ಐಸ್ ಕಟ್ತಿದೆ, ಕೆಳಗೆ ತಣ್ಣಗೇ ಆಗ್ತಿಲ್ಲ. ಗ್ಯಾಸ್ ಹಾಕಿಸ್ಬೇಕಾ, ಪಾರ್ಟ್ ಬದಲಿಸಿದ್ರೆ ಸಾಕಾ?

ತುಂಗಾತೀರ

ಎಲ್ರಿಗೂ ನಮಸ್ಕಾರ. ನಮ್ದು 260 ಲೀಟರ್ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್, ಒಂಬತ್ತು ವರ್ಷ ಹಳೇದು, ವೇಗ ಬದಲಾಗೋ ಇನ್ವರ್ಟರ್ ಥರದ್ದಲ್ಲ, ಮಾಮೂಲಿ ಕಂಪ್ರೆಸರ್. ಸ್ವಲ್ಪ ದಿನದಿಂದ ಮೇಲೆ ಫ್ರೀಜರಲ್ಲಿ ಐಸ್ ಚೆನ್ನಾಗೇ ಕಟ್ತಿದೆ, ಆದ್ರೆ ಕೆಳಗಡೆ ಏನೂ ತಣ್ಣಗಾಗ್ತಿಲ್ಲ, ಬೆಳಿಗ್ಗೆ ಕಾಯಿಸಿಟ್ಟ ಹಾಲು ಸಂಜೆಗೆ ಒಡೆದು ಹೋಗತ್ತೆ, ದೋಸೆ ಹಿಟ್ಟು ಉಕ್ಕಿ ಡಬ್ಬಿಯಿಂದ ಆಚೆ ಬಂದಿರತ್ತೆ. ಮೆಕ್ಯಾನಿಕ್ ಒಬ್ರು ಬಂದು ಹಿಂದೆ ಕೈ ಇಟ್ಟು ನೋಡಿ ಗ್ಯಾಸ್ ಲೀಕ್ ಆಗಿದೆ, ಚಾರ್ಜ್ ಮಾಡಕ್ಕೆ 3,800 ಆಗತ್ತೆ, ಕಂಪ್ರೆಸರ್ರೂ ವೀಕ್ ಇದ್ದಂಗಿದೆ ಅಂದ್ರು. ಅಷ್ಟು ಕೊಡೋ ಬದ್ಲು ಹೊಸದೇ ತಗೊಳೋಣ ಅಂತ ಮನೇಲಿ ಮಾತು. ಇನ್ನೊಂದು ವಿಷ್ಯ, ಹೋದ ತಿಂಗಳು ಊರಿಗೆ ಹೋಗುವಾಗ ಫ್ರಿಜ್ ಆಫ್ ಮಾಡಿ ಬಾಗಿಲು ತೆಗೆದಿಟ್ಟು ಹೋಗಿದ್ವಿ, ವಾಪಸ್ ಬಂದು ಆನ್ ಮಾಡಿದಾಗ ಒಂದು ವಾರ ಪರ್ಫೆಕ್ಟ್ ಆಗಿ ಓಡ್ತು, ಆಮೇಲೆ ಮತ್ತೆ ಅದೇ ಕಥೆ. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಪಿಸಿಬಿ ಪ್ರೇಮಿ

ನಿಮ್ಮ ಕೊನೇ ಸಾಲಲ್ಲೇ ಉತ್ತರ ಇದೆ. ಗ್ಯಾಸ್ ಹಾಕಿಸ್ಬೇಡಿ, ದಯವಿಟ್ಟು.

ದಾವಣಗೆರೆ ಕೂಲಿಂಗ್

ನಾನು ಇದೇ ಕೆಲಸದಲ್ಲಿರೋನು, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ. ಗ್ಯಾಸ್ ಅನ್ನೋದು ಸ್ಕೂಟರಿನ ಪೆಟ್ರೋಲ್ ಥರ ಓಡಿಸಿದಷ್ಟೂ ಖರ್ಚಾಗೋ ವಸ್ತು ಅಲ್ಲ, ಸೀಲ್ ಮಾಡಿರೋ ಪೈಪ್ ಒಳಗೆ ಅದೇ ಗ್ಯಾಸ್ ಸುತ್ತಾ ಇರತ್ತೆ, ಎಲ್ಲೋ ತೂತು ಬೀಳದೆ ಅದು ಕಮ್ಮಿ ಆಗಲ್ಲ. ತೂತು ಬಿದ್ದು ಗ್ಯಾಸ್ ಹೋಗಿದ್ರೆ ಎರಡು ದಿನ ಆಫ್ ಮಾಡಿಟ್ರೆ ಅದು ವಾಪಸ್ ಬರತ್ತಾ? ಬರಲ್ಲ. ನಿಮ್ಮದು ಆಫ್ ಮಾಡಿ ಆನ್ ಮಾಡಿದ್ಮೇಲೆ ಒಂದು ವಾರ ಸರಿಯಾಗಿ ಓಡಿದೆ ಅಂದ್ರೆ ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸೂ ಇದೆ, ಒಳಗೆ ಕಟ್ಟಿದ್ದ ಐಸ್ ಕರಗಿದ್ದಕ್ಕೆ ಮಾತ್ರ ಸರಿ ಹೋಗಿತ್ತು.

ನಿಮ್ಮಂಥ ಫ್ರಾಸ್ಟ್ ಫ್ರೀ ಫ್ರಿಜ್ಜಲ್ಲಿ ತಣ್ಣಗಾಗೋ ಕಾಯಿಲ್ ಸಾಮಾನ್ಯವಾಗಿ ಇರೋದು ಒಂದೇ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗೆ. ಅಲ್ಲಿಂದ ಒಂದು ಫ್ಯಾನ್ ಗಾಳಿ ಎಳೆದು ಸ್ವಲ್ಪ ಫ್ರೀಜರಿಗೆ ಬಿಟ್ಟು, ಸ್ವಲ್ಪ ಡಕ್ಟ್ ಅಂದ್ರೆ ಗಾಳಿ ಕೊಳವೆ ಮೂಲಕ ಕೆಳಗೆ ಕಳಿಸತ್ತೆ. ನಾವು ಬಾಗಿಲು ತೆಗೆದಾಗೆಲ್ಲ ಒಳಗೆ ಹೋಗೋ ತೇವ ಆ ಕಾಯಿಲ್ ಮೇಲೆ ಹಿಮ ಆಗಿ ಕೂರತ್ತೆ. ಅದನ್ನ ಕರಗಿಸಕ್ಕೆ ಕಾಯಿಲ್ ಕೆಳಗೆ ಒಂದು ಹೀಟರ್ ಇದೆ. ಕೆಲವು ಗಂಟೆ ಕಂಪ್ರೆಸರ್ ಓಡಿದ್ಮೇಲೆ ಡಿಫ್ರಾಸ್ಟ್ ಟೈಮರ್, ಅಂದ್ರೆ ಹಿಮ ಕರಗಿಸೋ ಹೊತ್ತು ನೋಡ್ಕೊಳ್ಳೋ ಪಾರ್ಟ್, ಕಂಪ್ರೆಸರ್ ನಿಲ್ಲಿಸಿ ಇಪ್ಪತ್ತು ಮೂವತ್ತು ನಿಮಿಷ ಹೀಟರಿಗೆ ಕರೆಂಟ್ ಕೊಡತ್ತೆ. ನೀರು ಹಿಂದಿನ ಪೈಪಲ್ಲಿ ಇಳಿದು ಕಂಪ್ರೆಸರ್ ಮೇಲಿನ ಟ್ರೇಗೆ ಬಿದ್ದು ಆರಿ ಹೋಗತ್ತೆ. ಈ ಹೀಟರ್ ದಾರೀಲಿ ಎಲ್ಲಾದ್ರೂ ಕಟ್ ಆದ್ರೆ ಹಿಮ ಕರಗಲ್ಲ, ಕಾಯಿಲ್ ಪೂರ್ತಿ ಮುಚ್ಚಿ ಹೋಗಿ ಗಾಳಿ ಆಡಕ್ಕೆ ಜಾಗ ಇರಲ್ಲ. ಫ್ರೀಜರ್ ಪಕ್ಕದಲ್ಲೇ ಇರೋದ್ರಿಂದ ಅಲ್ಲಿ ಐಸ್ ಕಟ್ತಾನೇ ಇರತ್ತೆ, ಕೆಳಗೆ ಮಾತ್ರ ಗಾಳಿ ಬರಲ್ಲ. ನಿಮ್ಮದು ಇದೇ.

ಮಂಗ್ಳೂರು ಮಳೆ

ದಾವಣಗೆರೆಯವರು ಹೇಳಿದ್ದು ಸರಿ ಉಂಟು, ಆದ್ರೆ ಗ್ಯಾಸ್ ಹೋಗುದೇ ಇಲ್ಲ ಅಂತ ಯಾರೂ ತಿಳ್ಕೊಳ್ಬೇಡಿ ಮಾರಾಯ್ರೆ. ನಮ್ಮ ಕಡಲ ಬದಿ ಗಾಳಿಗೆ ಹಿಂದಿನ ಪೈಪು ಜಾಯಿಂಟು ಎಲ್ಲ ತುಕ್ಕು ಹಿಡಿದು ನಿಜವಾಗ್ಲೂ ಲೀಕ್ ಆಗ್ತದೆ. ನಮ್ಮ ಹಳೇ ಫ್ರಿಜ್ಜಿಗೆ ಹಾಗೇ ಆದದ್ದು, ಗ್ಯಾಸ್ ತುಂಬಿಸಿದ್ದು ನಾಲ್ಕು ತಿಂಗಳಲ್ಲಿ ಪುನಃ ಖಾಲಿ. ನೋಡಿದ್ರೆ ಗೊತ್ತಾಗ್ಲಿಕ್ಕೆ ಏನಾದ್ರೂ ದಾರಿ ಉಂಟಾ?

ದಾವಣಗೆರೆ ಕೂಲಿಂಗ್

@ಮಂಗ್ಳೂರು ಮಳೆ ದಾರಿ ಇದೆ, ತುಂಬಾ ಸುಲಭದ್ದು. ಫ್ರೀಜರ್ ಒಳಗಿನ ಪ್ಯಾನೆಲ್ ಬಿಚ್ಚಿ ಕಾಯಿಲ್ ನೋಡಿ. ಪೂರ್ತಿ ಕಾಯಿಲ್ ಮೇಲಿಂದ ಕೆಳಗಿನವರೆಗೆ ದಪ್ಪ ಬಿಳೀ ಹಿಮದಲ್ಲಿ ಮುಚ್ಚಿದ್ರೆ ಡಿಫ್ರಾಸ್ಟ್ ಪ್ರಾಬ್ಲಮ್. ಗ್ಯಾಸ್ ಒಳಗೆ ಬರೋ ಕಡೆ ಕಾಯಿಲಿನ ಒಂದೆರಡು ಸುತ್ತಿನ ಮೇಲೆ ಮಾತ್ರ ಹಿಮ ಇದ್ದು ಉಳಿದ ಕಾಯಿಲ್ ಬರೀ ಅಲ್ಯೂಮಿನಿಯಂ ಕಾಣ್ತಿದ್ರೆ ಗ್ಯಾಸ್ ಕಮ್ಮಿ, ಇಲ್ಲಾ ಕಾಯಿಲಿಗೆ ಗ್ಯಾಸ್ ತರೋ ಸಣ್ಣ ಪೈಪು, ಕ್ಯಾಪಿಲರಿ ಅಂತಾರೆ, ಅದು ಬ್ಲಾಕ್. ಏನೂ ಹಿಮ ಇಲ್ಲ, ಕಂಪ್ರೆಸರ್ ಓಡ್ತಿದೆ ಅಂದ್ರೆ ಗ್ಯಾಸ್ ಪೂರ್ತಿ ಹೋಗಿದೆ, ಅಥವಾ ಕಂಪ್ರೆಸರ್ ಪಂಪ್ ಮಾಡ್ತಿಲ್ಲ. ಪ್ಯಾನೆಲ್ ಬಿಚ್ಚದೆ ಗ್ಯಾಸ್ ಅಂತ ಹೇಳಿದ್ರೆ ಒಪ್ಪಬೇಡಿ, ನಾನೇ ಬಂದು ಹೇಳಿದ್ರೂ ಒಪ್ಪಬೇಡಿ.

ನಿಮ್ಮ ಫ್ರಿಜ್ಜಿಗೆ ನಾಲ್ಕು ತಿಂಗಳಲ್ಲಿ ಮತ್ತೆ ಖಾಲಿ ಆಯ್ತಲ್ಲ, ಲೀಕ್ ಹುಡುಕದೆ ಬರೀ ತುಂಬಿಸಿದ್ರೆ ಹಾಗೇ ಆಗೋದು. ಲೀಕ್ ಹುಡುಕಿ ಮುಚ್ಚಬೇಕು, ಪೈಪ್ ಒಳಗಿನ ತೇವ ಹೀರೋ ಫಿಲ್ಟರ್ ಡ್ರೈಯರ್ ಹೊಸದು ಹಾಕ್ಬೇಕು, ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ ತೇವ ಎಲ್ಲ ಎಳೀಬೇಕು, ಆಮೇಲೆ ಫ್ರಿಜ್ಜಿನ ಮೇಲಿರೋ ಮಾಹಿತಿ ಪ್ಲೇಟಲ್ಲಿ ಬರೆದಿರೋ ಅಷ್ಟೇ ಗ್ರಾಂ ತೂಕ ಮಾಡಿ ಹಾಕ್ಬೇಕು. ಈ ಕೆಲಸಕ್ಕೆ ನಿಜವಾಗ್ಲೂ ದುಡ್ಡು ಆಗತ್ತೆ, ಅದನ್ನ ತಪ್ಪು ಅನ್ನಲ್ಲ. ಹತ್ತೇ ನಿಮಿಷದಲ್ಲಿ ಗ್ಯಾಸ್ ತುಂಬಿ ಹೋದ್ರೆ ಮಾತ್ರ ಅದು ಕೆಲಸ ಅಲ್ಲ.

ಧಾರವಾಡ ಮಂದಿ

ನಡಕ್ಕ ಬಾಯಿ ಹಾಕಾಕತ್ತೇನಿ ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ದು ಸಿಂಗಲ್ ಡೋರ್ ಐತ್ರಿ, ಹಳೇದು. ಲೈಟ್ ಹತ್ತತೈತಿ, ತಂಪ ಮಾತ್ರ ಆಗವಲ್ದು. ಹಿಂದಿನಿಂದ ಗುಂಯ್ ಅಂತ ಸಪ್ಪಳ ಬಂದು ಟಕ್ ಅಂತೈತಿ, ಸುಮ್ನ ಆಕ್ಕೈತಿ, ಸ್ವಲ್ಪ ಹೊತ್ತಾದಮ್ಯಾಲ ಮತ್ತ ಅದ ಗುಂಯ್ ಮತ್ತ ಅದ ಟಕ್. ಕಂಪ್ರೆಸರ್ ಹೋಗೇತಿ ಅಂತ ಹೇಳ್ಯಾರ.

ದಾವಣಗೆರೆ ಕೂಲಿಂಗ್

@ಧಾರವಾಡ ಮಂದಿ ಕಂಪ್ರೆಸರ್ ಹೋಗಿದೆ ಅನ್ನೋ ಮುಂಚೆ ಮೂರು ವಿಷ್ಯ ನೋಡ್ಬೇಕು. ಮೊದಲು ವೋಲ್ಟೇಜ್, ಫ್ರಿಜ್ ಸ್ಟಾರ್ಟ್ ಆಗೋ ಗಳಿಗೇಲಿ ಪ್ಲಗ್ಗಲ್ಲಿ ಎಷ್ಟಿದೆ ಅಂತ. ಹಳ್ಳಿ ಕಡೆ ಸಾಯಂಕಾಲ 170 ವೋಲ್ಟಿಗೆ ಇಳಿದಿರತ್ತೆ, ಅಷ್ಟಕ್ಕೆ ಎಷ್ಟೋ ಕಂಪ್ರೆಸರ್ ಏಳಲ್ಲ. ವೋಲ್ಟೇಜ್ ಸರಿ ಇದ್ರೆ ಪ್ಲಗ್ ಕಿತ್ತು ಕಂಪ್ರೆಸರ್ ಪಕ್ಕದ ಪ್ಲಾಸ್ಟಿಕ್ ಕವರ್ ತೆಗೀರಿ, ಅಲ್ಲಿ ಕಂಪ್ರೆಸರ್ ಸ್ಟಾರ್ಟ್ ಮಾಡೋ ಪಿಟಿಸಿ ರಿಲೇ ಮತ್ತೆ ಓವರ್‌ಲೋಡ್ ಅಂತ ಎರಡು ಸಣ್ಣ ಪಾರ್ಟ್ ಇರ್ತವೆ. ರಿಲೇ ಕೈಯಲ್ಲಿ ಹಿಡಿದು ಕಿವಿ ಹತ್ರ ಅಲ್ಲಾಡ್ಸಿ ನೋಡಿ, ಒಳಗೆ ಲೊಟಲೊಟ ಅಂದ್ರೆ ಒಳಗಿನ ಬಿಲ್ಲೆ ಪುಡಿ ಆಗಿದೆ ಅಂತ ಲೆಕ್ಕ. ಸುಟ್ಟ ವಾಸನೆ, ಪಿನ್ ಕಪ್ಪಾಗಿರೋದು ಇದ್ರೂ ಅಷ್ಟೇ. ನೀವು ಕೇಳೋ ಆ ಟಕ್ ಓವರ್‌ಲೋಡಿಂದು, ಕಂಪ್ರೆಸರ್ ಏಳಕ್ಕಾಗದೆ ಕರೆಂಟ್ ಜಾಸ್ತಿ ಎಳೆದಾಗ ಅದು ಕಟ್ ಮಾಡ್ತಿದೆ, ಅದರ ಕೆಲಸ ಅದು ಸರಿಯಾಗೇ ಮಾಡ್ತಿದೆ.

ಮೂರನೇದು ಕಂಪ್ರೆಸರಿನ ಮೂರು ಪಿನ್. ಮಲ್ಟಿಮೀಟರ್ ಓಮ್ಸಲ್ಲಿ ಇಟ್ಟು ಎರಡೆರಡು ಪಿನ್ ಮಧ್ಯೆ ಅಳೀರಿ, ಮೂರು ರೀಡಿಂಗ್ ಬರತ್ತೆ. ಚಿಕ್ಕವು ಎರಡನ್ನ ಕೂಡಿದ್ರೆ ದೊಡ್ಡದರಷ್ಟೇ ಬರ್ಬೇಕು, ಉದಾಹರಣೆಗೆ 18, 26, 44 ಈ ಥರ. ಯಾವ ಪಿನ್ನಿಂದ್ಲೂ ಕಂಪ್ರೆಸರಿನ ಲೋಹದ ಮೈಗೆ ರೀಡಿಂಗ್ ಬರಬಾರದು. ಇಷ್ಟು ಸರಿ ಇದ್ರೆ ರಿಲೇ ಓವರ್‌ಲೋಡ್ ಎರಡೂ ಹೊಸದು ಹಾಕಿ ನೋಡಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಅದಾದ್ಮೇಲೂ ಏಳದಿದ್ರೆ ಕಂಪ್ರೆಸರ್ ಒಳಗೆ ಜಾಮ್ ಆಗಿದೆ ಅಂತ ಒಪ್ಕೋಬೇಕು. ಮತ್ತೆ ಕರೆಂಟ್ ಹೋಗಿ ಬಂದ ತಕ್ಷಣ ಸ್ಟಾರ್ಟ್ ಮಾಡಿ ಟೆಸ್ಟ್ ಮಾಡ್ಬೇಡಿ, ಪೈಪಿನ ಎರಡೂ ಕಡೆ ಪ್ರೆಶರ್ ಸಮ ಆಗಕ್ಕೆ, ರಿಲೇ ತಣ್ಣಗಾಗಕ್ಕೆ ಐದು ನಿಮಿಷ ಬಿಡಿ.

ಪಿಸಿಬಿ ಪ್ರೇಮಿ

ಸೇರಿಸ್ತೀನಿ, ಇನ್ವರ್ಟರ್ ಫ್ರಿಜ್ ಇರೋರು ಈ ಲೆಕ್ಕ ತಗೋಬೇಡಿ. ಇನ್ವರ್ಟರ್ ಕಂಪ್ರೆಸರಲ್ಲಿ ಮೂರೂ ರೀಡಿಂಗ್ ಒಂದೇ ಥರ ಬರ್ಬೇಕು, ಅಲ್ಲಿ ಪಿಟಿಸಿ ರಿಲೇನೇ ಇರಲ್ಲ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡೇ ಓಡಿಸೋದು. ಅದಕ್ಕೆ ನೇರವಾಗಿ 230 ವೋಲ್ಟ್ ಕೊಟ್ಟು ಟೆಸ್ಟ್ ಮಾಡೋ ಸಾಹಸ ಯಾರೂ ಮಾಡ್ಬೇಡಿ. ಬೋರ್ಡ್ ಮುಟ್ಟೋ ಮುಂಚೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ದೊಡ್ಡ ಕೆಪಾಸಿಟರಲ್ಲಿ ವೋಲ್ಟೇಜ್ ಇಳಿದಿದೆಯಾ ಅಂತ ಮೀಟರಲ್ಲಿ ನೋಡಿ ಆಮೇಲೆ ಕೈ ಹಾಕಿ, 300 ವೋಲ್ಟಿಗೂ ಮೇಲೆ ಡಿಸಿ ಇರತ್ತೆ ಅಲ್ಲಿ. ಸಿಡಿಲಿಗೆ ಹೋದ ಬೋರ್ಡ್ ಆದ್ರೆ ಮೊದಲು ಫ್ಯೂಸು, ಅದರ ಪಕ್ಕದ ನೀಲಿ ಬಿಲ್ಲೆ ಥರದ ವೇರಿಸ್ಟರ್ (ವೋಲ್ಟೇಜ್ ಏರಿದಾಗ ತಡೆಯೋ ಪಾರ್ಟ್) ನೋಡಿ, ಎಷ್ಟೋ ಸಲ ಅದು ಸಿಡಿದು ಉಳಿದ ಬೋರ್ಡನ್ನ ಕಾಪಾಡಿರತ್ತೆ. ಎಸ್‌ಪಿ ರೋಡಲ್ಲಿ, ಅದೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದೀಲಿ, ಚಿಲ್ಲರೆ ದುಡ್ಡಿಗೆ ಸಿಗೋ ವಸ್ತು ಅದು. ಅದಕ್ಕೋಸ್ಕರ ಪೂರ್ತಿ ಬೋರ್ಡ್ ಬದಲಿಸಿ ಸಾವಿರಗಟ್ಲೆ ಕೊಟ್ಟೋರನ್ನ ನೋಡಿದೀನಿ, ಹೊಟ್ಟೆ ಉರಿಯತ್ತೆ.

ಧಾರವಾಡ ಮಂದಿ

ಅಲ್ಲಾಡಿಸಿ ನೋಡಿದ್ನಿರಿ, ರಿಲೇ ಒಳಗ ಖಡಖಡ ಅಂತೈತಿ. ನಾಳೆ ಬಜಾರಕ್ಕ ಹೋಗಿ ತರ್ತೇನ್ರಿ.

ತುಂಗಾತೀರ

ಇವತ್ತು ರಜಾ ಇತ್ತು, ಫ್ರೀಜರ್ ಖಾಲಿ ಮಾಡಿ ಪ್ಯಾನೆಲ್ ಬಿಚ್ಚಿದೆ. ಎರಡು ಸ್ಕ್ರೂ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇದ್ವು, ಪ್ಯಾನೆಲ್ ಹಿಮಕ್ಕೆ ಅಂಟಿಕೊಂಡು ಬರ್ಲೇ ಇಲ್ಲ, ಹೇರ್ ಡ್ರೈಯರ್ ಹಿಡಿದು ನಿಧಾನಕ್ಕೆ ಬಿಡಿಸಿದೆ. ಒಳಗೆ ಕಾಯಿಲ್ ಕಾಣಿಸ್ತಾನೇ ಇಲ್ಲ, ಪೂರ್ತಿ ಬಿಳಿ, ಫ್ಯಾನಿನ ರೆಕ್ಕೆ ಹತ್ರದವರೆಗೂ ಹಿಮ ಬಂದಿದೆ. ಅಂದ್ರೆ ಡಿಫ್ರಾಸ್ಟೇ ಅಲ್ವಾ? ಹೀಟರ್ ಹೊಸದು ತಂದು ಹಾಕ್ಬಿಡ್ಲಾ? ಇಲ್ಲೇ ಅಂಗಡೀಲಿ 450 ಅಂದ್ರು.

ದಾವಣಗೆರೆ ಕೂಲಿಂಗ್

ತಡೀರಿ ತಡೀರಿ. ಹೀಟರ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಆ ಲೈನಲ್ಲಿ ನಾಲ್ಕು ಪಾರ್ಟ್ ಇದೆ, ಟೈಮರ್, ಹೀಟರ್, ಬೈಮೆಟಲ್ (ಬಿಸಿ ನೋಡಿ ತಾನೇ ಕೂಡಿ ಬಿಡೋ ಸ್ವಿಚ್), ಥರ್ಮಲ್ ಫ್ಯೂಸ್ (ಅತಿ ಬಿಸಿಯಾದ್ರೆ ಕಟ್ ಆಗೋದು). ನಾಲ್ಕರಲ್ಲಿ ಯಾವುದು ಹೋದ್ರೂ ಹೊರಗೆ ಕಾಣೋ ಲಕ್ಷಣ ಇದೇ. ಹೋದ ಪಾರ್ಟ್ ಯಾವುದು ಅಂತ ಮೀಟರ್ ಹೇಳ್ಬೇಕು, ನಾವು ಊಹೆ ಮಾಡಬಾರದು.

ಮೊದಲು ಹಿಮ ಪೂರ್ತಿ ಕರಗಲಿ, ಬಾಗಿಲು ತೆಗೆದಿಟ್ಟು ಮುಂದೆ ಟೇಬಲ್ ಫ್ಯಾನ್ ಹಚ್ಚಿ ಬಿಡಿ, ಕೆಳಗೆ ಬಟ್ಟೆ ಹಾಕಿ. ಚಾಕು ಸ್ಕ್ರೂಡ್ರೈವರ್ ಯಾವುದೂ ಹತ್ರ ತರಬೇಡಿ, ಕಾಯಿಲ್ ಮೆತ್ತಗಿನ ಅಲ್ಯೂಮಿನಿಯಂ, ಒಂದು ತೂತು ಬಿದ್ರೆ ಆಗ ನಿಜವಾಗ್ಲೂ ಗ್ಯಾಸ್ ಹೋಗತ್ತೆ. ಕಾಯಿಲಿನ ತೆಳು ರೆಕ್ಕೆಗಳು ಬ್ಲೇಡಿನಷ್ಟು ಹರಿತ, ಕೈಗೆ ಗ್ಲೌಸ್ ಹಾಕ್ಕೊಳಿ. ಪ್ಲಗ್ ಕಿತ್ತೇ ಇರ್ಲಿ.

ಕರಗಿದ್ಮೇಲೆ ಒಂದೊಂದಾಗಿ ಕನೆಕ್ಟರ್ ಬಿಚ್ಚಿ ಅಳೀರಿ. ಹೀಟರ್ ಮೇಲೆ ವ್ಯಾಟ್ ಬರೆದಿರತ್ತೆ, 230ನ್ನ 230ರಿಂದ ಗುಣಿಸಿ ವ್ಯಾಟಿಂದ ಭಾಗಿಸಿ, ಅಷ್ಟು ಓಮ್ ಬರ್ಬೇಕು. 160 ವ್ಯಾಟಿಂದಾದ್ರೆ ಸುಮಾರು 330 ಓಮ್. ಆಮೇಲೆ ಮೀಟರನ್ನ ಬೀಪ್ (ಕಂಟಿನ್ಯೂಟಿ) ಗುರುತಿಗೆ ಇಡಿ, ದಾರಿ ಕೂಡಿದ್ರೆ ಬೀಪ್ ಅನ್ನತ್ತೆ. ಥರ್ಮಲ್ ಫ್ಯೂಸ್ ಯಾವಾಗ್ಲೂ ಬೀಪ್ ಅನ್ನಬೇಕು. ಬೈಮೆಟಲ್ ಉಲ್ಟಾ, ಅದು ತಣ್ಣಗಿದ್ದಾಗ ಕೂಡಿರತ್ತೆ, ಬೆಚ್ಚಗಾದಾಗ ಬಿಡತ್ತೆ, ಹಾಗಾಗಿ ರೂಮಿನ ಬಿಸಿಯಲ್ಲಿ ಅದು ಬೀಪ್ ಅನ್ನಬಾರದು. ಈ ಕೊನೇ ಮಾತು ಬರೆದಿಟ್ಕೊಳಿ, ಬಹಳ ಜನ ಬೈಮೆಟಲ್ ಬೀಪ್ ಬರ್ತಿಲ್ಲ ಅಂತ ಒಳ್ಳೇದನ್ನ ಬಿಸಾಕ್ತಾರೆ, ಬೀಪ್ ಬರೋ ಕೆಟ್ಟದ್ದನ್ನ ಇಟ್ಕೊಂತಾರೆ.

ಚಾಮುಂಡಿ ತಪ್ಪಲು

ನಿಮ್ಮ ಈ ಮಾತು ಓದಿ ಖುಷಿ ಆಯ್ತು ಸಾರ್, ಯಾರೂ ಇಷ್ಟು ಬಿಡಿಸಿ ಹೇಳಲ್ಲ. ಜೊತೆಗೆ ಒಂದು ಮಾತು, ಹಿಮ ಅಷ್ಟೊಂದು ಕೂರಕ್ಕೆ ಗ್ಯಾಸ್ಕೆಟ್ಟೂ ಕಾರಣ ಇರಬಹುದು. ಬಾಗಿಲ ಸುತ್ತ ಇರೋ ರಬ್ಬರ್. ಒಂದು ಹತ್ತು ರೂಪಾಯಿ ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ, ಬಿಗಿಯಾಗಿ ಹಿಡೀಬೇಕು, ಸುಮ್ನೆ ಜಾರಿ ಬಂದ್ರೆ ಆ ಜಾಗದಲ್ಲಿ ಗಾಳಿ ಹೋಗ್ತಿದೆ. ಸುತ್ತ ಎಲ್ಲಾ ಕಡೆ ನೋಡಿ, ಅದ್ರಲ್ಲೂ ಹಿಂಜ್ ಕಡೆ ಕೆಳಗಿನ ಮೂಲೆ. ನಮ್ಮನೇಲಿ ಅಲ್ಲೇ ಬಿಟ್ಟಿತ್ತು.

ಗ್ಯಾಸ್ಕೆಟ್ ಬದಲಿಸೋದು ಯಾರಾದ್ರೂ ಮಾಡಬಹುದು. ಹೊಸದು ಮಡಿಚಿ ಪ್ಯಾಕ್ ಮಾಡಿರೋದ್ರಿಂದ ಸುಕ್ಕು ಸುಕ್ಕಾಗಿರತ್ತೆ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಒರೆಸಿ ಹಾಸಿಡಿ, ನೇರ ಆಗತ್ತೆ. ಹಳೇದನ್ನ ತೆಗೆದ್ಮೇಲೆ ಆ ಸಂದಿಯಲ್ಲಿ ಕೂತ ಕೊಳೆ ಹಲ್ಲುಜ್ಜೋ ಬ್ರಷ್ಷಲ್ಲಿ ಪೂರ್ತಿ ತೆಗೀರಿ, ಇಲ್ಲಾಂದ್ರೆ ಹೊಸದು ಕೂರಲ್ಲ. ನಾಲ್ಕೂ ಮೂಲೆ ಮೊದಲು ಕೂರಿಸಿ ಆಮೇಲೆ ಮಧ್ಯ ಮಧ್ಯ ಒತ್ತುತ್ತಾ ಬನ್ನಿ. ಒಂದು ಕಡೆಯಿಂದ ಶುರು ಮಾಡಿದ್ರೆ ಕೊನೇ ಮೂಲೆಗೆ ಬರೋ ಹೊತ್ತಿಗೆ ರಬ್ಬರ್ ಉಬ್ಬಿ ನಿಲ್ಲತ್ತೆ. ಹಳೇ ಫ್ರಿಜ್ ಆದ್ರೆ ಒಳಗಡೆ ಸ್ಕ್ರೂ ಇರ್ತವೆ, ಎಲ್ಲ ಒಟ್ಟಿಗೆ ಬಿಚ್ಚಬೇಡಿ, ಬಾಗಿಲು ತಿರುಚಿಕೊಳ್ಳತ್ತೆ. ಒಂದೆರಡು ದಿನ ಬಿಟ್ರೆ ಮೂಲೆಗಳು ತಾವಾಗೇ ಸೆಟ್ ಆಗ್ತವೆ, ಆಗದಿದ್ರೆ ಆ ಜಾಗಕ್ಕೆ ಹೇರ್ ಡ್ರೈಯರ್ ಬಿಸಿ ಕೊಟ್ಟು ಕೈಯಲ್ಲಿ ಎಳೆದು ಸರಿ ಮಾಡಿ.

ತಗೊಳ್ಳೋವಾಗ ಬಾಗಿಲಿನ ಅಳತೆ ಒಂದೇ ನಂಬಬೇಡಿ. ಹಳೇ ಗ್ಯಾಸ್ಕೆಟಿನ ಒಂದು ತುಂಡು ಕತ್ತರಿಸಿ ತಗೊಂಡು ಹೋಗಿ, ಒಳಗೆ ಸಿಕ್ಕಿಸೋ ಬಾಣದ ಆಕಾರ ಒಂದೊಂದು ಕಂಪನೀದು ಒಂದೊಂದು ಥರ ಇರತ್ತೆ.

ಜರ್ಸಿ ಕನ್ನಡತಿ

ನ್ಯೂಜೆರ್ಸಿಯಿಂದ. ಇಲ್ಲಿ ಮೆಕ್ಯಾನಿಕ್ ಬಾಗಿಲಿಗೆ ಬಂದ್ರೇನೇ ನೂರು ಡಾಲರ್ ಹತ್ರ ಆಗೋದ್ರಿಂದ ಜನ ತಾವೇ ಪಾರ್ಟ್ ತರ್ಸಿ ಹಾಕ್ಕೊಳ್ತಾರೆ. ಮಾಡೆಲ್ ನಂಬರ್ ಹಾಕಿದ್ರೆ ಪೂರ್ತಿ ಫ್ರಿಜ್ಜಿನ ಬಿಡಿಸಿದ ಚಿತ್ರ ಬರತ್ತೆ, ಒಂದೊಂದು ಸ್ಕ್ರೂಗೂ ನಂಬರ್ ಇರತ್ತೆ. ಎಷ್ಟೋ ಮಾಡೆಲಲ್ಲಿ ಕೆಳಗಿನ ಗ್ರಿಲ್ ಹಿಂದೆ ಮಡಿಚಿಟ್ಟ ಒಂದು ಹಾಳೆ ಸಿಗತ್ತೆ, ವೈರಿಂಗ್ ಚಿತ್ರ, ಯಾವ ಪಾರ್ಟಿಗೆ ಎಷ್ಟು ಓಮ್ ಬರ್ಬೇಕು ಅನ್ನೋದೆಲ್ಲ ಅದ್ರಲ್ಲಿರತ್ತೆ. ಊರಲ್ಲಿ ಅಣ್ಣನ ಮನೇ ಫ್ರಿಜ್ಜಿಗೂ ಇದೇ ತೊಂದರೆ, ಇಲ್ಲಿಂದ ಹೀಟರ್ ತಗೊಂಡ್ ಬರ್ಲಾ ಅಂತ ಯೋಚ್ನೆ ಮಾಡ್ತಿದ್ದೆ. ಕಂಪನಿ ಅದೇ.

ಪಿಸಿಬಿ ಪ್ರೇಮಿ

@ಜರ್ಸಿ ಕನ್ನಡತಿ ಖಂಡಿತ ತರಬೇಡಿ. ಅಲ್ಲಿಂದು 120 ವೋಲ್ಟ್ ಹೀಟರ್, ಇಲ್ಲಿ 230ಕ್ಕೆ ಹಾಕಿದ್ರೆ ಹೆಚ್ಚೂಕಮ್ಮಿ ನಾಲ್ಕು ಪಟ್ಟು ವ್ಯಾಟ್ ಎಳೆಯತ್ತೆ, ಪ್ಲಾಸ್ಟಿಕ್ ಒಳಗೆ. ಫ್ಯಾನ್ ಮೋಟರ್, ಟೈಮರ್ ಎಲ್ಲಕ್ಕೂ ಇದೇ ಮಾತು. ಗ್ಯಾಸ್ಕೆಟ್ ಆದ್ರೆ ವೋಲ್ಟೇಜ್ ಗೊಡವೆ ಇಲ್ಲ, ಆದ್ರೆ ಅಲ್ಲಿನ ಮಾಡೆಲ್ಲೇ ಬೇರೆ. ವೈರಿಂಗ್ ಚಿತ್ರ ಇಲ್ಲಿನ ಫ್ರಿಜ್ಜಿಗೂ ಇರತ್ತೆ, ಹಿಂದಿನ ಶೀಟಿಗೆ ಅಂಟಿಸಿರ್ತಾರೆ, ಮೂವ್ ಮಾಡಿ ನೋಡಲ್ಲ ಅಷ್ಟೇ ಯಾರೂ.

ಪಾರ್ಟ್ ಸಿಗೋ ವಿಷಯದಲ್ಲಿ ನಮ್ಮಲ್ಲೂ ಸ್ವಲ್ಪ ಬದಲಾವಣೆ ಬಂದಿದೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ಶುರು ಮಾಡ್ತು, ಫ್ರಿಜ್ ಥರದ ಮನೆ ಸಾಮಾನೂ ಅದ್ರಲ್ಲಿ ಬರತ್ತೆ. ಕಂಪನಿ ಪಾರ್ಟ್ ಕೊಡ್ತಿಲ್ಲ, ವಾರಂಟಿ ಇದ್ರೂ ಮಾಡ್ತಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಮತ್ತೆ ಹತ್ತು ವರ್ಷ ವಾರಂಟಿ ಅಂತ ಬಾಗಿಲ ಮೇಲೆ ಸ್ಟಿಕರ್ ಇರತ್ತಲ್ಲ, ಅದು ಸಾಮಾನ್ಯವಾಗಿ ಕಂಪ್ರೆಸರ್ ಅನ್ನೋ ಒಂದು ಪಾರ್ಟಿಗೆ ಮಾತ್ರ, ಗ್ಯಾಸು, ಕೂಲಿ, ಬೋರ್ಡು ಅದ್ರಲ್ಲಿ ಬರಲ್ಲ. ಕಾರ್ಡ್ ತೆಗೆದು ಪೂರ್ತಿ ಓದಿ.

ತುಂಗಾತೀರ

ಅಳೆದೆ. ಹೀಟರ್ ಮೇಲೆ 160 ವ್ಯಾಟ್ ಅಂತಿದೆ, 334 ಓಮ್ ಬಂತು. ಅಂದ್ರೆ ಹೀಟರ್ ಚೆನ್ನಾಗಿದೆ! ಥರ್ಮಲ್ ಫ್ಯೂಸ್ ಏನೂ ಬೀಪ್ ಇಲ್ಲ, ಸತ್ತಿದೆ. 450 ಕೊಟ್ಟು ಹೀಟರ್ ತಂದಿದ್ರೆ ದಂಡ ಆಗ್ತಿತ್ತು. ಬರೀ ಫ್ಯೂಸ್ ತಂದು ಹಾಕಿದ್ರೆ ಮುಗೀತಲ್ವಾ? ಅಂಗಡಿ ಹುಡುಗ ಫ್ಯೂಸ್ ಇಲ್ಲ, ಅದನ್ನ ಕಟ್ ಮಾಡಿ ವೈರ್ ಡೈರೆಕ್ಟ್ ಮಾಡಿ, ಎಲ್ರೂ ಹಾಗೇ ಮಾಡೋದು ಅಂದ.

ದಾವಣಗೆರೆ ಕೂಲಿಂಗ್

ಡೈರೆಕ್ಟ್ ಮಾತ್ರ ಮಾಡ್ಬೇಡಿ. ಕೈ ಮುಗಿದು ಹೇಳ್ತೀನಿ. ಆ ಫ್ಯೂಸ್ ಇರೋದೇ ಹೀಟರ್ ಮಿತಿ ಮೀರಿ ಕಾದಾಗ ಕಟ್ ಮಾಡಕ್ಕೆ. ಸುಮಾರು 70 ಡಿಗ್ರಿ ದಾಟಿದ್ರೆ ಅದು ತಾನು ಸತ್ತು ಮನೆ ಉಳಿಸತ್ತೆ. ಫ್ರಿಜ್ ಒಳಗೆ ಸುತ್ತ ಪ್ಲಾಸ್ಟಿಕ್, ಅದರ ಹಿಂದೆ ಫೋಮ್, ಡಕ್ಟಿಗೆ ಥರ್ಮೋಕೋಲ್. ಈಗಿನ ಎಷ್ಟೋ ಫ್ರಿಜ್ಜಲ್ಲಿ ಗ್ಯಾಸ್ ಕೂಡ ಆರ್-600ಎ, ಅಂದ್ರೆ ಐಸೋಬ್ಯೂಟೇನ್, ಹತ್ಕೊಂಡು ಉರಿಯೋ ಗ್ಯಾಸ್. ರಾತ್ರಿ ಎಲ್ರೂ ಮಲಗಿದ್ದಾಗ್ಲೂ ಕೆಲಸ ಮಾಡೋ ಹೀಟರ್ ಅದು. ಹಂಗೆ ವೈರ್ ಸುತ್ತಿಟ್ಟು ಹೋಗೋರು ನಮ್ಮ ಕಸುಬಿನೋರಲ್ಲೂ ಇದಾರೆ ಅಂತ ನನಗೆ ನಿಜಕ್ಕೂ ಸಂಕಟ ಆಗತ್ತೆ.

ಇನ್ನೊಂದು ಮುಖ್ಯ ಪ್ರಶ್ನೆ, ಬೈಮೆಟಲ್ ರೀಡಿಂಗ್ ನೀವು ಬರೆದಿಲ್ಲ. ಥರ್ಮಲ್ ಫ್ಯೂಸ್ ಸುಮ್ಸುಮ್ನೆ ಹೋಗೋದು ಕಮ್ಮಿ. ಕರಗಿದ ಮೇಲೆ ಹೀಟರ್ ಆಫ್ ಮಾಡ್ಬೇಕಾದ್ದು ಬೈಮೆಟಲ್ ಕೆಲಸ. ಅದರ ಕಾಂಟ್ಯಾಕ್ಟ್ ಅಂಟಿಕೊಂಡು ಬಿಡದೆ ಹೋದ್ರೆ ಟೈಮರ್ ಮುಗಿಯೋವರೆಗೂ ಹೀಟರ್ ಕಾಯ್ತಾನೇ ಇರತ್ತೆ, ಆಗ ಫ್ಯೂಸ್ ಹೋಗತ್ತೆ. ಬರೀ ಫ್ಯೂಸ್ ಹಾಕಿದ್ರೆ ಹೊಸದೂ ಅದೇ ಥರ ಹೋಗತ್ತೆ. ಬೈಮೆಟಲ್ ರೂಮಲ್ಲಿ ಇಟ್ಟು ಅಳೆದು ಹೇಳಿ.

ತುಂಗಾತೀರ

ಬೀಪ್ ಅಂತಿದೆ. ಫ್ರಿಜ್ಜಿಂದ ಆಚೆ ತೆಗೆದು ಟೇಬಲ್ ಮೇಲೆ ಇಟ್ಟು ತುಂಬಾ ಹೊತ್ತಾಯ್ತು, ಇನ್ನೂ ಬೀಪ್ ಅಂತಾನೇ ಇದೆ.

ಪಿಸಿಬಿ ಪ್ರೇಮಿ

ಸಿಕ್ತಲ್ಲ ಅಸಲಿ ಕಳ್ಳ!

ದಾವಣಗೆರೆ ಕೂಲಿಂಗ್

ಅದೇ. ಬೈಮೆಟಲ್ ಅಂಟಿಕೊಂಡಿದೆ, ಅದರಿಂದ ಫ್ಯೂಸ್ ಹೋಗಿದೆ, ಅದರಿಂದ ಹೀಟರಿಗೆ ಕರೆಂಟ್ ಇಲ್ಲ, ಅದರಿಂದ ಹಿಮ, ಅದರಿಂದ ಕೆಳಗೆ ಗಾಳಿ ಇಲ್ಲ. ಈಗ ಎರಡೂ ಒಟ್ಟಿಗೆ ಬದಲಿಸಿ. ಎಷ್ಟೋ ಮಾಡೆಲಿಗೆ ಬೈಮೆಟಲ್ ಮತ್ತೆ ಫ್ಯೂಸ್ ಒಂದೇ ಸೆಟ್ ಆಗಿ ಬರತ್ತೆ, ನಾಲ್ಕು ವೈರಿಂದು, ಮೂರು ವೈರಿಂದು, ಎರಡು ವೈರಿಂದು ಅಂತ. ನಿಮ್ಮದರಲ್ಲಿ ಎಷ್ಟು ವೈರ್ ಇದೆ, ಕನೆಕ್ಟರ್ ಆಕಾರ ಏನು ನೋಡ್ಕೊಂಡು ಅದೇ ಥರದ್ದು ತನ್ನಿ. ಬೈಮೆಟಲ್ ಮೈಮೇಲೆ ಬರೆದಿರೋ ನಂಬರೂ ಹೊಂದ್ಬೇಕು, ಬಿಡೋ ಡಿಗ್ರಿ ಬೇರೆ ಬೇರೆ ಇರತ್ತೆ, ಬೇಗ ಬಿಡೋದು ಹಾಕಿದ್ರೆ ಹಿಮ ಅರ್ಧಂಬರ್ಧ ಕರಗಿ ಉಳಿಯತ್ತೆ.

ಹೊಸ ಬೈಮೆಟಲ್ಲನ್ನೂ ಹಾಕೋ ಮುಂಚೆ ಟೆಸ್ಟ್ ಮಾಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಐಸ್ ತುಂಡಿಗೆ ಕೈತುಂಬಾ ಉಪ್ಪು ಬೆರೆಸಿ ಅದರೊಳಗೆ ಹೂತಿಡಿ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗತ್ತೆ, ಸ್ವಲ್ಪ ಹೊತ್ತಲ್ಲಿ ಟಿಕ್ ಅಂತ ಸಣ್ಣ ಸದ್ದು ಕೇಳಿ ಬೀಪ್ ಬರ್ಬೇಕು. ಆಚೆ ತೆಗೆದು ಅಂಗೈಯಲ್ಲಿ ಹಿಡ್ಕೊಂಡ್ರೆ ಮತ್ತೆ ಟಿಕ್ ಅಂದು ಬೀಪ್ ನಿಲ್ಬೇಕು. ಎರಡೂ ಆದ್ರೆ ಪಾರ್ಟ್ ಒಳ್ಳೇದು. ಡೂಪ್ಲಿಕೇಟ್ ಬಹಳ ಬರ್ತಿದೆ ಈಗ, ಅಂಗಡಿ ಮುಂದೆ ಸಾಧ್ಯ ಆಗಲ್ಲ ಆದ್ರೆ ಮನೇಲಿ ಮಾಡದೆ ಪ್ಯಾನೆಲ್ ಮುಚ್ಚಬೇಡಿ.

ಹಾಕೋವಾಗ ಬೈಮೆಟಲ್ ಕ್ಲಿಪ್ ಹಳೇದು ಇದ್ದ ಪೈಪ್ ಮೇಲೇ ಕೂರಬೇಕು, ಪೈಪಿಗೆ ಬಿಗಿಯಾಗಿ ತಾಗಿರಬೇಕು. ಜಾಗ ಬದಲಾದ್ರೆ ಅದಕ್ಕೆ ತಪ್ಪು ಬಿಸಿ ತಿಳಿಯತ್ತೆ. ವೈರ್ ಜಾಯಿಂಟ್ ಮಾಡೋ ಹಾಗಿದ್ರೆ ಟೇಪ್ ಒಂದೇ ಸಾಲಲ್ಲ, ಅಲ್ಲಿ ದಿನಾ ನೀರು ಇಳಿಯತ್ತೆ, ಹೀಟ್ ಶ್ರಿಂಕ್ (ಬಿಸಿ ಕೊಟ್ರೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕಿ. ಕೆಳಗಿನ ಡ್ರೈನ್ ತೂತಿಗೆ ಸಿರಿಂಜಲ್ಲಿ ಬೆಚ್ಚಗಿನ ನೀರು ಬಿಟ್ಟು ಹಿಂದಿನ ಟ್ರೇಗೆ ಬರ್ತಿದೆಯಾ ನೋಡಿ, ಕಟ್ಟಿದ್ರೆ ಅದೇ ನೀರು ಮತ್ತೆ ಐಸ್ ಆಗಿ ಫ್ರೀಜರ್ ತಳದಲ್ಲಿ ಕೂರತ್ತೆ.

ಮಂಗ್ಳೂರು ಮಳೆ

ಒಂದು ಸಂಶಯ. ನನ್ನ ಹಳೇ ಫ್ರಿಜ್ ಆರ್-134ಎ ಅನ್ನುವ ಬೇರೆ ಗ್ಯಾಸಿಂದು. ಈಗ ಇಲ್ಲಿ ಒಬ್ರು ಅದಕ್ಕೆ ಆರ್-600ಎ ಹಾಕಿ ಕೊಡ್ತೇನೆ, ಕಮ್ಮಿ ಆಗ್ತದೆ, ಕರೆಂಟೂ ಉಳೀತದೆ ಅಂತ ಹೇಳ್ತಾರೆ. ಹಾಕಿಸ್ಬಹುದಾ?

ದಾವಣಗೆರೆ ಕೂಲಿಂಗ್

ಬೇಡ. 134ಎ ಕಂಪ್ರೆಸರ್ ಒಳಗಿನ ಎಣ್ಣೆ ಬೇರೆ, ಪಿಸ್ಟನ್ ಅಳತೆ ಬೇರೆ, ಒಳಗಿನ ಥರ್ಮೋಸ್ಟಾಟ್ (ಕೂಲಿಂಗ್ ಹೆಚ್ಚುಕಮ್ಮಿ ಮಾಡೋ ಸ್ವಿಚ್), ಲೈಟ್ ಸ್ವಿಚ್ಚು ಎರಡೂ ಕಿಡಿ ಹಾರಿಸೋ ಥರದ್ದು. 600ಎ ಫ್ರಿಜ್ಜಲ್ಲಿ ಇದಕ್ಕೆಲ್ಲ ಬೇರೆ ಏರ್ಪಾಡು ಇರತ್ತೆ. ಪ್ಲೇಟ್ ಮೇಲೆ ಯಾವ ಗ್ಯಾಸ್ ಬರೆದಿದೆಯೋ ಅದೇ. ಮತ್ತೆ 600ಎ ಹಾಕೋದು ಎಷ್ಟೋ ಮಾಡೆಲಲ್ಲಿ 50 ಗ್ರಾಮಿನ ಆಸುಪಾಸು ಅಷ್ಟೇ, ಐದು ಗ್ರಾಂ ಹೆಚ್ಚುಕಮ್ಮಿ ಆದ್ರೂ ಕೂಲಿಂಗಲ್ಲಿ ಗೊತ್ತಾಗತ್ತೆ, ತಕ್ಕಡಿ ತರದೆ ಬಂದೋರನ್ನ ವಾಪಸ್ ಕಳ್ಸಿ. ಅದರ ಸಕ್ಷನ್ ಪ್ರೆಶರ್, ಅಂದ್ರೆ ಕಂಪ್ರೆಸರ್ ಗ್ಯಾಸ್ ಎಳ್ಕೊಳೋ ಕಡೆಯ ಒತ್ತಡ, ಹೊರಗಿನ ಗಾಳಿಗಿಂತ ಕಮ್ಮಿ ಇರೋದ್ರಿಂದ ಆ ಕಡೆ ತೂತಿದ್ರೆ ಗಾಳೀನೇ ಒಳಗೆ ಹೋಗತ್ತೆ, ಬರೀ ಗೇಜ್ ನೋಡ್ಕೊಂಡು ತುಂಬೋ ಹಳೇ ಅಭ್ಯಾಸ ಅದಕ್ಕೆ ನಡೆಯಲ್ಲ. ಉರಿ ಹಚ್ಚಿ ಬೆಸುಗೆ ಹಾಕೋದಂತೂ ಒಳಗಿನ ಗ್ಯಾಸ್ ಪೂರ್ತಿ ತೆಗೆಯದೆ, ಕಿಟಕಿ ಬಾಗಿಲು ತೆಗೆಯದೆ ಮಾಡಲೇಬಾರದು.

ಧಾರವಾಡ ಮಂದಿ

ರಿಲೇ ಓವರ್‌ಲೋಡ್ ಎರಡೂ ಹೊಸಾವು ಹಾಕಿದ್ವಿರಿ, ಪ್ಲಗ್ ಹಾಕಿದ ಕೂಡ್ಲೇ ಕಂಪ್ರೆಸರ್ ಚಾಲೂ ಆತು. ಎರಡೂ ಕೂಡಿ 220 ರೂಪಾಯಿ. ಕಂಪ್ರೆಸರಿಗೆ 6,000 ಕೇಳಿದ್ರು. ಭಾಳ ಉಪಕಾರ ಆತ್ರಿ ಅಣ್ಣಾರ.

ಚಾಮುಂಡಿ ತಪ್ಪಲು

ಮೆಕ್ಯಾನಿಕ್‌ಗಳನ್ನ ಪೂರ್ತಿ ದೂರೋದೂ ಸರಿ ಅಲ್ಲ ಅನ್ಸತ್ತೆ. ಬಂದು ಒಂದು ಗಂಟೆ ಬಿಚ್ಚಿ ಅಳೆದು ಇಷ್ಟೇ ಪ್ರಾಬ್ಲಮ್ ಅಂದ್ರೆ ನಾವು 200 ರೂಪಾಯಿ ಪಾರ್ಟಿಗೆ 500 ಕೂಲಿನಾ ಅಂತ ಜಗಳ ಆಡ್ತೀವಿ, ಗ್ಯಾಸು ಅಂದ್ರೆ 3,500 ಸುಮ್ನೆ ಕೊಡ್ತೀವಿ.

ದಾವಣಗೆರೆ ಕೂಲಿಂಗ್

@ಚಾಮುಂಡಿ ತಪ್ಪಲು ನೀವು ಹೇಳಿದ್ದು ನೂರಕ್ಕೆ ನೂರು ನಿಜ ಅಕ್ಕ. ಹುಡುಕೋದೇ ಈ ಕಸುಬಿನ ಅಸಲಿ ಕೆಲಸ, ಅದಕ್ಕೆ ಯಾರೂ ದುಡ್ಡು ಕೊಡಕ್ಕೆ ಒಪ್ಪಲ್ಲ. ನಾನು ಈಗ ಹೋದ ಕೂಡ್ಲೇ ಹೇಳ್ತೀನಿ, ಚೆಕ್ ಮಾಡಕ್ಕೆ ಇಷ್ಟು, ಪಾರ್ಟ್ ಬೇರೆ, ಹಳೇ ಪಾರ್ಟ್ ನಿಮ್ಮ ಕೈಗೇ ಕೊಡ್ತೀನಿ ಅಂತ. ಮೊದಮೊದಲು ಗಿರಾಕಿ ಕಮ್ಮಿ ಆದ್ರು, ಈಗ ಅವರೇ ಇನ್ನೊಬ್ರಿಗೆ ನಂಬರ್ ಕೊಡ್ತಾರೆ.

ತುಂಗಾತೀರ

ಅಪ್ಡೇಟ್. ಬೈಮೆಟಲ್ ಫ್ಯೂಸ್ ನಾಲ್ಕು ವೈರಿನ ಸೆಟ್ 280ಕ್ಕೆ ಸಿಕ್ತು. ಉಪ್ಪು ಐಸ್ ಟೆಸ್ಟ್ ಮಾಡಿದೆ, ಟಿಕ್ ಅಂತು, ಅಂಗೈಯಲ್ಲಿ ಮತ್ತೆ ಟಿಕ್ ಅಂತು. ಹಾಕಿ ಎಲ್ಲ ಮುಚ್ಚಿ ಆನ್ ಮಾಡಿ ಒಂದು ರಾತ್ರಿ ಓಡಿಸಿದೆ, ಬೆಳಿಗ್ಗೆ ಕೆಳಗೆ ಹಾಲು ತಣ್ಣಗಿದೆ. ಆದ್ರೆ ಹಿಮ ಕರಗಿದ್ದಕ್ಕೇ ಹೀಗೆ ಅಂತ ನಮಗೆ ಮೊದಲೇ ಅನುಭವ ಇದೆಯಲ್ಲ, ಡಿಫ್ರಾಸ್ಟ್ ನಿಜವಾಗ್ಲೂ ಆಗ್ತಿದೆ ಅಂತ ಒಂದು ವಾರ ಕಾಯದೆ ಹೇಗೆ ತಿಳ್ಕೊಳೋದು?

ದಾವಣಗೆರೆ ಕೂಲಿಂಗ್

ಒಳ್ಳೇ ಪ್ರಶ್ನೆ. ಟೈಮರ್ ಕೈಯಲ್ಲೇ ತಿರುಗಿಸಬಹುದು. ಅದು ಕೆಲವದ್ರಲ್ಲಿ ಹಿಂದೆ ಕಂಪ್ರೆಸರ್ ಹತ್ರ, ಕೆಲವದ್ರಲ್ಲಿ ಒಳಗೆ ಥರ್ಮೋಸ್ಟಾಟ್ ಡಬ್ಬಿಯಲ್ಲಿರತ್ತೆ. ಮಧ್ಯೆ ಸ್ಕ್ರೂಡ್ರೈವರ್ ಹಾಕೋ ಸೀಳು ಇರತ್ತೆ, ಕರೆಂಟ್ ತೆಗೆದು ಬಾಣದ ದಿಕ್ಕಿಗೆ ಮಾತ್ರ ನಿಧಾನಕ್ಕೆ ತಿರುಗಿಸಿ, ಟಕ್ ಅಂದ ಕೂಡ್ಲೇ ನಿಲ್ಲಿಸಿ. ಅದು ಡಿಫ್ರಾಸ್ಟಿಗೆ ಬಂದ ಸದ್ದು. ಕವರ್ ಹಾಕಿ ಈಗ ಕರೆಂಟ್ ಕೊಡಿ, ಕಂಪ್ರೆಸರ್ ಓಡಬಾರದು, ಫ್ಯಾನ್ ನಿಂತಿರಬೇಕು. ಐದು ನಿಮಿಷ ಬಿಟ್ಟು ಫ್ರೀಜರ್ ಬಾಗಿಲು ತೆಗೆದು ಕಿವಿ ಕೊಟ್ರೆ ಒಳಗೆ ಚುಂಯ್ ಚುಂಯ್ ಅಂತ ಕೇಳತ್ತೆ, ಕರಗಿದ ಹನಿ ಹೀಟರ್ ಮೇಲೆ ಬೀಳೋ ಸದ್ದು. ಹಿಂದಿನ ಟ್ರೇಗೆ ನೀರೂ ಬರ್ಬೇಕು. ಆಮೇಲೆ ಅರ್ಧ ಗಂಟೆ ಆಸುಪಾಸಲ್ಲಿ ಕಂಪ್ರೆಸರ್ ತಾನಾಗೇ ಶುರು ಆಗ್ಬೇಕು. ಮುಕ್ಕಾಲು ಗಂಟೆ ಆದ್ರೂ ಶುರು ಆಗದಿದ್ರೆ ಟೈಮರ್ ಮೋಟರ್ ತಿರುಗ್ತಿಲ್ಲ ಅಂತ, ಆಗ ಅದನ್ನೂ ಬದಲಿಸ್ಬೇಕು.

ತುಂಗಾತೀರ

ತಿರುಗಿಸಿದೆ, ಚುಂಯ್ ಸದ್ದು ಚೆನ್ನಾಗಿ ಕೇಳ್ತು, ಅಮ್ಮನ್ನೂ ಕರೆದು ಕೇಳಿಸಿದೆ. ಟ್ರೇಗೆ ನೀರು ಬಂತು. ಆದ್ರೆ ಒಂದು ಗಂಟೆ ಆದ್ರೂ ಕಂಪ್ರೆಸರ್ ಬರ್ಲಿಲ್ಲ, ಕೈಯಲ್ಲಿ ಮುಂದಕ್ಕೆ ತಿರುಗಿಸಿದ್ಮೇಲೆ ಬಂತು. ಟೈಮರೂ ಬೇಕು ಅನ್ಸತ್ತೆ. ಬೈಮೆಟಲ್ ಅಂಟಿಕೊಂಡಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ದಾವಣಗೆರೆ ಕೂಲಿಂಗ್

ಇರಬಹುದು. ಟೈಮರ್ ಡಿಫ್ರಾಸ್ಟಲ್ಲೇ ನಿಂತು ನಿಂತು ಹೀಟರ್ ಗಂಟೆಗಟ್ಲೆ ಓಡಿದ್ರೆ ಬೈಮೆಟಲ್ ಪದೇ ಪದೇ ಕೂಡಿ ಬಿಟ್ಟು ಅದರ ಕಾಂಟ್ಯಾಕ್ಟ್ ಬೇಗ ಹಾಳಾಗತ್ತೆ. ಆದ್ರೆ ಟೈಮರ್ ತರೋ ಮುಂಚೆ ಒಂದು ಟೆಸ್ಟ್, ಕೆಲವು ಫ್ರಿಜ್ಜಲ್ಲಿ ಥರ್ಮೋಸ್ಟಾಟ್ ಕಟ್ ಆಗಿದ್ರೆ ಟೈಮರಿಗೂ ಕರೆಂಟ್ ಬರಲ್ಲ, ಅದಕ್ಕೇ ತಿರುಗಲ್ಲ. ಥರ್ಮೋಸ್ಟಾಟ್ ಫುಲ್ ಕೂಲಿಂಗಿಗೆ ಇಟ್ಟು ಇನ್ನೊಂದು ಸಲ ತಿರುಗಿಸಿ ಮುಕ್ಕಾಲು ಗಂಟೆ ನೋಡಿ. ಆಗ್ಲೂ ನಿಂತ್ರೆ ಟೈಮರೇ. ಟೈಮರಲ್ಲಿ ನಾಲ್ಕು ಪಿನ್ ಇರತ್ತೆ, ನೋಡಕ್ಕೆ ಎಲ್ಲಾ ಒಂದೇ ಥರ, ಆದ್ರೆ ಒಳಗೆ ಮೋಟರಿನ ವೈರ್ ಯಾವ ಪಿನ್ನಿಗೆ ಅನ್ನೋದು ಬೇರೆ ಬೇರೆ. ಅದರ ಮೈಮೇಲಿನ ಚಿತ್ರ, ನಂಬರ್ ಎರಡೂ ಕಾಣೋ ಹಾಗೆ ಫೋಟೋ ಹಾಕಿ, ಅದೇ ವೈರಿಂಗಿನ ಯಾವ್ಯಾವ ಟೈಮರ್ ನಡೆಯತ್ತೆ ಅಂತ ಬರೆದು ಕೊಡ್ತೀನಿ, ಅಂಗಡೀಲಿ ತೋರಿಸಿ ತಗೊಳಿ.